ಮೆಟ್ಟಿಲ ಮೇಲಿನ ರಾದ್ಧಾಂತ

ನಿಘಂಟು ಕಚೇರಿಯಲ್ಲಿ ಪದಗಳ ಬೇರು ಕೆದಕಿ ಕೆದಕಿ ಅವಳ ಕಣ್ಣು ಬತ್ತಿಹೋಗಿತ್ತು. ಮೂವರು ಅಕ್ಕತಂಗಿಯರಲ್ಲಿ ನಡುವಿನವಳು. ಅತ್ತ ದೊಡ್ಡಕ್ಕ, ಇತ್ತ ತಂಗಿ. ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ಬೆಳೆದವಳು.

ಆ ಮಧ್ಯಾಹ್ನ ಅವಳ ಮುಂದೆ ಬಂದ ಪದ ‘ರಾದ್ಧಾಂತ’. ರಂಪ, ಕೂಗಾಟ, ಬೀದಿಗೆಲ್ಲ ಕೇಳುವ ಗಲಾಟೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಸಂಸ್ಕೃತದಲ್ಲಿ ಅದರ ಅರ್ಥವೇ ಬೇರೆ: ವಾದವೆಲ್ಲ ಮುಗಿದ ಮೇಲೆ ನಿಲ್ಲುವ ತೀರ್ಮಾನ, ಸಿದ್ಧಾಂತ. ತೀರ್ಮಾನ ಹೋಗಿ ಕಿರುಚಾಟ ಆದದ್ದು ಹೇಗೆ? ತೀರ್ಮಾನಕ್ಕೆ ಅಂತ ಕೂತವರೆಲ್ಲ ಜಗಳಾಡಿಕೊಂಡೇ ಎದ್ದಿರಬೇಕು ಅಂದುಕೊಂಡು ಆಕಳಿಸಿದಳು.

ಅಷ್ಟರಲ್ಲಿ ಫೋನು. ಅಮ್ಮನ ಬಾಡಿಗೆ ಮನೆಯ ಮೇಲಿನ ಮಹಡಿಯಾಕೆ.

“ನಿಮ್ಮ ಅಕ್ಕ, ತಂಗಿ ಮೆಟ್ಟಿಲ ಮೇಲೆ ದೊಡ್ಡ ರಾದ್ಧಾಂತ ಮಾಡ್ತಿದ್ದಾರೆ. ಯಾರಿಗೂ ದಾರಿ ಬಿಡ್ತಿಲ್ಲ. ಬೇಗ ಬನ್ನಿ.”

ಅಮ್ಮ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಮನೆ ಖಾಲಿ ಮಾಡಲು ಇಬ್ಬರೂ ಬೆಳಗ್ಗೆಯೇ ಹೋಗಿದ್ದರು. ಇವಳು ಹೋಗಿ ನೋಡಿದರೆ, ಅಮ್ಮನ ಹೊಲಿಗೆ ಯಂತ್ರ ಮೆಟ್ಟಿಲ ನಡುವೆ ತೂಗಾಡುತ್ತಿತ್ತು. ಮೇಲಿನ ತುದಿ ದೊಡ್ಡಕ್ಕನ ಕೈಯಲ್ಲಿ, ಕೆಳಗಿನ ತುದಿ ತಂಗಿಯ ಕೈಯಲ್ಲಿ.

“ಬಂದ್ಲು ನಿಘಂಟಮ್ಮ,” ಅಂದಳು ತಂಗಿ. “ನೀನೇ ಹೇಳಕ್ಕಾ, ಇದು ಯಾರಿಗೆ ಸೇರ್ಬೇಕು?”

“ಅಮ್ಮ ಹೊಲಿಯೋದನ್ನ ಮೊದಲು ಕಲಿಸಿದ್ದು ನನಗೆ,” ಅಂದಳು ದೊಡ್ಡಕ್ಕ.

“ಕಲಿತು ಏನು ಕಡಿದು ಕಟ್ಟೆ ಹಾಕಿದೆ? ಒಂದು ಗುಂಡಿ ಹಾಕಿಸೋಕೂ ನನ್ನ ಹತ್ರ ಬರ್ತೀಯ!”

“ಮೊದಲು ಅದನ್ನ ಕೆಳಗಿಡಿ,” ಅಂದಳು ನಡುವಿನವಳು.

“ಅವಳು ಬಿಡ್ಲಿ!” ಇಬ್ಬರೂ ಒಟ್ಟಿಗೇ ಕೂಗಿದರು.

ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದಳು.

“ರಾದ್ಧಾಂತ ಅಂದ್ರೆ ಮೊದಲು ತೀರ್ಮಾನ ಅಂತ ಅರ್ಥ ಇತ್ತು,” ಅಂದಳು, ತನಗೇ ಹೇಳಿಕೊಂಡ ಹಾಗೆ.

“ಮನೆಗೆ ಬೆಂಕಿ ಬಿದ್ರೂ ಇವಳು ಬೆಂಕಿ ಅನ್ನೋ ಪದ ಎಲ್ಲಿಂದ ಬಂತು ಅಂತ ಕೇಳ್ತಾಳೆ!” ಅಂದಳು ದೊಡ್ಡಕ್ಕ.

“ನೀನು ಮಾತಾಡ್ಬೇಡ,” ತಂಗಿಯ ದನಿ ಒಡೆಯಿತು. “ಅಮ್ಮ ಹೋದ ದಿನ ಆಸ್ಪತ್ರೆಲಿ ನಾನೊಬ್ಬಳೇ ಇದ್ದೆ. ಇವಳು ಔಷಧಿ ತರೋಕೆ ಹೋಗಿದ್ಲು. ನೀನು ಬರೋ ಹೊತ್ತಿಗೆ ಮುಖಕ್ಕೆ ಬಟ್ಟೆ ಹಾಕಿದ್ರು.”

ದೊಡ್ಡಕ್ಕನ ಹಿಡಿತ ಸಡಿಲವಾಯಿತು. ಭಾರವೆಲ್ಲ ತಂಗಿಯ ಮೇಲೆ ವಾಲುವಷ್ಟರಲ್ಲಿ ನಡುವಿನವಳು ಧಡಕ್ಕನೆ ಎದ್ದು ಹಿಡಿದುಕೊಂಡಳು. ಹೇಗೋ ಮೂವರೂ ಸೇರಿ ಯಂತ್ರವನ್ನು ಮೆಟ್ಟಿಲ ತಿರುವಿನಲ್ಲಿ ಇಳಿಸಿದರು.

“ಅಮ್ಮ ನನ್ನ ಕೇಳಿದ್ಲಾ?” ದೊಡ್ಡಕ್ಕ ಮೆಲ್ಲಗೆ ಕೇಳಿದಳು.

“ಕೇಳಿದ್ಲು. ದೊಡ್ಡವಳು ಬಂದ್ಲಾ ಅಂತ. ದಾರಿಲಿದ್ದಾಳೆ, ಇನ್ನೇನು ಬಂದ್ಲು ಅಂದೆ. ಸರಿ ಅಂತ ಕಣ್ಣು ಮುಚ್ಚಿದ್ಲು.”

ದೊಡ್ಡಕ್ಕ ಗೋಡೆಗೆ ಹಣೆ ಒತ್ತಿ ಅತ್ತಳು. ತಂಗಿ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

“ಅಳ್ಬೇಡ. ಮಷೀನು ನೀನೇ ತಗೊಂಡು ಹೋಗು.”

“ನನಗೆ ಬೇಡ. ಕೊನೇವರೆಗೂ ಅಮ್ಮನ ಜೊತೆ ಇದ್ದವಳು ನೀನು. ನೀನೇ ಇಟ್ಕೋ.”

“ಬೇಡ ಅಂದ್ರೆ ಬೇಡ!”

“ನಾನು ಹೇಳಿದ್ದು ಕೇಳ್ತೀಯೋ ಇಲ್ವೋ?”

ದನಿಗಳು ಮತ್ತೆ ಮೇಲೇರಿದವು. ಮಹಡಿಯಾಕೆ ಬಾಗಿಲಿಂದ ಇಣುಕಿ, ಹಣೆ ಚಚ್ಚಿಕೊಂಡು ಒಳಗೆ ಹೋದಳು. ನಡುವಿನವಳು ಇಬ್ಬರನ್ನೂ ಸುಮ್ಮನಾಗಿಸುವ ಗೋಜಿಗೆ ಹೋಗಲಿಲ್ಲ. ತಂಗಿಯ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಯಂತ್ರದ ಒಂದು ತುದಿಗೆ ಕೈ ಹಾಕಿ, “ಬೈದಾಡ್ಕೊಂಡೇ ಎತ್ತಿ, ಇವಳ ಮನೇಲೇ ಇಳಿಸೋಣ,” ಅಂದಳು. ಅವರು ಬೈದಾಡಿಕೊಂಡೇ ಎತ್ತಿದರು.