ನಡುವಿನ ಕೋಣೆ

ನನ್ನ ಬಾಯಿ ದೊಡ್ಡದು ಅಂತ ವಿದ್ಯಾನಗರದ ನಮ್ಮ ಬೀದಿಗೆಲ್ಲ ಗೊತ್ತು. ಬೇಕಾದಾಗ ಮಾತ್ರ ಅದು ತೆರೆಯಲಿಲ್ಲ, ಅದೇ ನನ್ನ ಸಂಕಟ.

ನನ್ನ ಗಂಡನ ಅಕ್ಕ ಕಮಲಕ್ಕ ಹಿಂದಿನ ಕೋಣೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಅವಳಿಗೆ ಬೇಕಾಗಿದ್ದು ಒಂದೇ, ಮಗಳು ತನುಶ್ರೀಯ ಮುಖ ಒಮ್ಮೆ ನೋಡುವುದು. ಹುಡುಗಿ ಮೂರು ವರ್ಷದ ಹಿಂದೆ ಬೇರೆ ಜಾತಿಯವನನ್ನು ಮದುವೆಯಾಗಿ ಹರಿಹರದ ಪಕ್ಕದ ಗುತ್ತೂರಿನಲ್ಲಿದ್ದಳು. ಎತ್ತಿ ಆಡಿಸಿದ ಸೋದರಮಾವ, ಅಂದರೆ ನನ್ನ ಯಜಮಾನರು ಕರಿಬಸವರಾಜರು, ಅವಳು ನಮ್ಮ ಹೊಸ್ತಿಲು ತುಳಿಯಕೂಡದು ಅಂದುಬಿಟ್ಟಿದ್ದರು.

ಹೊಸ್ತಿಲು ತಾನೇ, ಫೋನಿನಲ್ಲಿ ಬರಲಿ ಅಂದುಕೊಂಡೆ. ಆದರೆ ಮುಂದಿನ ಹಾಲ್‌ನಲ್ಲಿದ್ದ ವೈಫೈ ಹಿಂದಿನ ಕೋಣೆಗೆ ಮುಟ್ಟುತ್ತಿರಲಿಲ್ಲ, ಮೊಬೈಲ್ ನೆಟ್ಟೂ ಅಲ್ಲಿ ಸತ್ತಿತ್ತು. ಕಮಲಕ್ಕನನ್ನು ಅಲ್ಲಾಡಿಸುವಂತಿರಲಿಲ್ಲ. ನೆಟ್ ಹಾಕುವ ಬಸವಕಿರಣನಿಂದ ಇನ್ನೊಂದು ರೂಟರ್ ತರಿಸಿದೆ.

"ಅಮ್ಮಾರೇ, ಸಿಗ್ನಲ್ ಇಲ್ಲದ ಕೋಣ್ಯಾಗ ಇಟ್ರೆ ಇದಾದ್ರೂ ಎಲ್ಲಿಂದ ತರಬೇಕ್ರಿ? ನಡುವೆ ಇಡಬೇಕು," ಅಂದ. ನಡುವೆ ಇರುವುದು ಪೂಜೆ ಕೋಣೆ. ವೈರ್ ಎಳೆದರೂ ಅದನ್ನೇ ದಾಟಬೇಕು.

ಲಿಂಗಪೂಜೆಗೆ ಕೂತಿದ್ದ ಯಜಮಾನರು ತಲೆ ಎತ್ತಿದರು. "ಯಾರ ಸಲುವಾಗಿ ಅಂತ ಗೊತ್ತೈತೆ. ಇಲ್ಲಿ ಬ್ಯಾಡ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂದರೂ ಜಗಳ ತೆಗೆಯುವ ನಾನು ಅವತ್ತು ಸುಮ್ಮನಾದೆ. ರೂಟರನ್ನು ಕಮಲಕ್ಕನ ತಲೆದಿಂಬಿನ ಪಕ್ಕದಲ್ಲೇ ಇಟ್ಟೆ. ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಜಾಣತನ. ದೀಪಗಳೇನೋ ಹತ್ತಿದವು.

ಮರುದಿನ ಬೆಳಿಗ್ಗೆ ಫೋನಿನಲ್ಲಿ ತನುಶ್ರೀ ಕಂಡಳು. "ಅವ್ವಾ" ಅಂದಳು, ಅಷ್ಟಕ್ಕೇ ಚಿತ್ರ ನಿಂತುಹೋಯಿತು. ರೆಪ್ಪೆ ಮುಚ್ಚಿದ ಗಳಿಗೆಯಲ್ಲೇ ನಿಂತಿತು. ನಾನು ರೂಟರನ್ನು ಎತ್ತಿದೆ, ತಿರುಗಿಸಿದೆ, ಅದರ ವಂಶವನ್ನೆಲ್ಲ ಬೈದೆ. ಕಮಲಕ್ಕ ಮಗಳ ಕೆನ್ನೆಯ ಮೇಲೆ ಬೆರಳಿಟ್ಟಳು.

"ಕೂಸು ಮಲಗೈತೆ. ಎಬ್ಬಿಸಬ್ಯಾಡ ನಿರ್ಮಲಾ."

ಮಧ್ಯಾಹ್ನ ಅವಳು ತೀರಿಕೊಂಡಳು.

ಅಕ್ಕನನ್ನು ಗೋಡೆಗೆ ಆನಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದ ಯಜಮಾನರು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಹುಡುಗೀನ ಕರಿ," ಅಂದರು.

ಗುತ್ತೂರಿನಿಂದ ಅವಳು ಮುಕ್ಕಾಲು ಗಂಟೆಯಲ್ಲಿ ಬಂದಳು. ಬರೀ ಮುಕ್ಕಾಲು ಗಂಟೆ. ಈ ಮೂರು ವರ್ಷದಲ್ಲಿ ನಾನು ಒಂದೇ ಒಂದು ಸಲ ಗಟ್ಟಿಯಾಗಿ ಬಾಯಿ ಮಾಡಿದ್ದರೆ ಆ ರೂಟರ್ ಡಬ್ಬಿ ಬೇಕೇ ಆಗುತ್ತಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅತ್ತೆ, ಅವ್ವ ನನ್ನ ಮುಖ ನೋಡಿದ್ಲಾ?"

"ನೋಡಿದ್ಲು."

"ಏನಂದ್ಲು?"

ನಾನು ಅವಳ ಕೈ ಹಿಡಿದು ಕಮಲಕ್ಕನ ಹತ್ತಿರ ಕರೆದುಕೊಂಡು ಹೋದೆ. ತನುಶ್ರೀ ತಾಯಿಯ ಪಕ್ಕ ಕೂತು ಅತ್ತಳು. ಅತ್ತು ಅತ್ತು ಸುಸ್ತಾಗಿ ಆ ತಣ್ಣನೆಯ ತೊಡೆಗೆ ತಲೆ ಆನಿಸಿ ಅಲ್ಲೇ ನಿದ್ದೆ ಹೋದಳು. ಮಣ್ಣಿಗೆ ಹೊತ್ತಾಯಿತೆಂದು ಯಜಮಾನರು ಅವಳ ಭುಜ ಮುಟ್ಟಲು ಬಗ್ಗಿದರು.

"ಎಬ್ಬಿಸಬ್ಯಾಡ್ರಿ," ಅಂದೆ. "ಅವರವ್ವ ಹೇಳಿ ಹೋಗ್ಯಾಳೆ."