ಹೆಬ್ಬೆರಳುದ್ದದ ಬಾಗಿಲು

ಹೆಬ್ಬೆರಳುದ್ದದ ಬಾಗಿಲು ಅದು. ಹಸಿರು ಬಣ್ಣ, ಸಾಸಿವೆ ಕಾಳಿನಷ್ಟು ಹಿತ್ತಾಳೆಯ ಹಿಡಿ. ಅದರ ಮುಂದೆ ನಾನು ಎಷ್ಟೋ ದಿನ ಕೂತಿದ್ದೆ.

ನನ್ನ ಗಂಡ ಭಾರ್ಗವ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ನಕ್ಷೆ ಬರೆಯುತ್ತಿದ್ದ ಕಚೇರಿಯ ಜವಾನ ಚೆನ್ನವೀರಯ್ಯ ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟ. "ಸಾಹೇಬರ ಬೀರುವಿನಾಗಿತ್ತು ಅಮ್ಮಾ. ಬೀಗ ಒಡೆದು ತೆಗೆಯಬೇಕಾಯ್ತು."

ಒಳಗಿದ್ದದ್ದು ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಗೊಂಬೆಮನೆ. ಅರ್ಧ ಕಟ್ಟಿಯಾಗಿತ್ತು.

"ಯಾರಿಗೇ ಇದು?" ಅತ್ತೆ ಬಗ್ಗಿ ನೋಡಿದರು. "ಮಕ್ಕಳಿಲ್ಲದ ಮನೇಲಿ ಆಟದ ಸಾಮಾನು!"

ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಶನಿವಾರ ಮಧ್ಯಾಹ್ನ ಗೆಳೆಯ ವಾದಿರಾಜನ ಮನೆಯಲ್ಲಿ ಚದುರಂಗ ಆಡುತ್ತೇನೆಂದು ಭಾರ್ಗವ ಹೇಳುತ್ತಿದ್ದ. ಅವನು ಸತ್ತಾಗ ಮಾತಾಡಿಸಲು ಬಂದ ವಾದಿರಾಜ ಕಣ್ಣೊರೆಸಿಕೊಂಡು, "ಒಂದೇ ಊರಲ್ಲಿದ್ದೂ ಅವನ ಮುಖ ನೋಡಿ ವರ್ಷವಾಗಿತ್ತು" ಎಂದಿದ್ದ. ಆಮೇಲೆ ನನಗೆ ಅಳು ಬರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಜೋಡಣೆಯ ಕ್ರಮ ತೋರಿಸುವ ಹಾಳೆಯಿತ್ತು. ಅಂಚಿನಲ್ಲಿ ಅವನ ಅಚ್ಚುಕಟ್ಟಾದ ಅಕ್ಷರ: "ಅವಳಿಗೆ ಹೀಗೆ ಆಗುವುದಿಲ್ಲ. ಎಲ್ಲ ತಿರುಗಿಸಬೇಕು. ಮುಗಿಯುವವರೆಗೆ ಮನೆಯಲ್ಲಿ ಹೇಳಬಾರದು."

ಅವಳು. ಯಾರವಳು? ಅವಳಿಗೊಬ್ಬಳು ಮಗಳಿದ್ದಳೆ?

ಮನೆಯನ್ನು ಕಟ್ಟಿ ಮುಗಿಸಬೇಕೆಂದು ನಿಶ್ಚಯಿಸಿದೆ. ಯಾವುದೋ ಕೋಣೆಯಲ್ಲಿ ಅವಳ ಗುರುತು ಸಿಕ್ಕೇ ಸಿಗುತ್ತದೆ ಅನಿಸಿತ್ತು. ಸಂಖ್ಯೆ ಬರೆದ ಮರದ ಚೂರುಗಳನ್ನು ಒಂದೊಂದಾಗಿ ಬಿಡಿಸಿ, ಅಂಚು ಉಜ್ಜಿ, ಚಿಮಟದಲ್ಲಿ ಹಿಡಿದು ಅಂಟಿಸಿದೆ. ಎರಡು ಕುರ್ಚಿ. ಒಂದು ಮಂಚ. ತೊಟ್ಟಿಲಿನ ಭಾಗಗಳನ್ನು ಅವನು ಬಿಡಿಸಿಯೇ ಇರಲಿಲ್ಲ; ನಾನೂ ಬಿಡಿಸಲಿಲ್ಲ.

ಅವನು ಮಾಡಿಟ್ಟಿದ್ದ ಅರ್ಧದಲ್ಲಿ ಮಾತ್ರ ತಪ್ಪುಗಳಿದ್ದವು. ಹಾಳೆಯ ಚಿತ್ರದಲ್ಲಿ ಬಾಗಿಲುಗಳ ಕೀಲು ಎಡಕ್ಕೆ, ಹಿಡಿ ಬಲಕ್ಕೆ. ಅವನು ಎಲ್ಲವನ್ನೂ ತಿರುವುಮುರುವು ಕೂಡಿಸಿದ್ದ. ಅಡುಗೆಮನೆಯ ಕಪಾಟು ಕೂಡ ಹಾಗೆಯೇ. ನಕ್ಷೆಯಲ್ಲಿ ಕೂದಲೆಳೆಯಷ್ಟು ತಪ್ಪದ ಕೈ ಯಾರ ಸಲುವಾಗಿ ಹೀಗೆ ತಪ್ಪಿತು? ನನಗೆ ಸಿಟ್ಟು ಬಂತು. ಬ್ಲೇಡು ತೂರಿಸಿ ಮಲಗುವ ಕೋಣೆಯ ಬಾಗಿಲನ್ನು ಕಿತ್ತು, ಚಿತ್ರದಂತೆ ಅಂಟಿಸಿದೆ. ಮರ ಸೀಳಿತು.

ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದರು, "ಮುಗೀತೇನೇ?" ಇವರಿಗೂ ಏನೋ ಗೊತ್ತಿದೆ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಆ ಯೋಚನೆಯಲ್ಲೇ ಅನ್ನ ಬಡಿಸಲು ಹೋದೆ. ಅತ್ತೆ ತಟ್ಟೆ ಹಿಂದಕ್ಕೆಳೆದುಕೊಂಡರು.

"ಬಲಗೈ."

ನಾಲ್ಕು ವರ್ಷದಿಂದ ಕೇಳುತ್ತ ಬಂದ ಮಾತು. ಸೌಟನ್ನು ಕೈ ಬದಲಿಸಿದೆ.

ಹನ್ನೆರಡನೆಯ ದಿನ ಚಾವಣಿ ಕೂತಿತು. ಮನೆ ಮುಗಿದಿತ್ತು, ಗುರುತು ಮಾತ್ರ ಎಲ್ಲೂ ಇರಲಿಲ್ಲ. ಕೊನೆಯದಾಗಿ ಮುಂಬಾಗಿಲು ತೆರೆದು ಒಳಗೆ ನೋಡೋಣವೆಂದರೆ ಹಿಡಿ ಬೆರಳಿಗೆ ಸಿಗಲೊಲ್ಲದು. ಅತ್ತೆಯ ಎದುರು ರೂಢಿಯಂತೆ ಚಾಚಿದ ಬಲಗೈಯ ಮಣಿಕಟ್ಟು ಸೊಟ್ಟಗಾಗುತ್ತಿತ್ತು, ಕೈಯೇ ಬಾಗಿಲಿಗೆ ಅಡ್ಡ ಬರುತ್ತಿತ್ತು. ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

"ಎಷ್ಟು ಒದ್ದಾಡ್ತೀಯೇ. ಎಡಗೈಲಿ ತೆಗಿ."

ನಾನು ಅವರನ್ನೇ ನೋಡಿದೆ.

"ತೆಗಿಯೇ ಅಂದ್ರೆ."

ಎಡಗೈ ಚಾಚಿದೆ. ಹಿಡಿ ಬೆರಳ ತುದಿಗೆ ತಾನಾಗಿ ಬಂದಂತೆ ಸಿಕ್ಕಿತು. ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗೆ ಕಪಾಟು, ಅದರ ಹಿಡಿ. ಎಲ್ಲವೂ ಎಡಗೈಯನ್ನು ಕಾಯುತ್ತಿದ್ದವು. ಮದುವೆಯಾದ ಹೊಸತರಲ್ಲಿ ಕಪಾಟಿನ ಬಾಗಿಲು ಹಣೆಗೆ ಬಡಿದಾಗ, "ಈ ಮನೆಯ ಒಂದು ಬಾಗಿಲೂ ನನಗೆ ಒಗ್ಗುವುದಿಲ್ಲ" ಎಂದು ನಕ್ಕಿದ್ದೆ. ಅಂದು ಅವನು ನಕ್ಕಿರಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತೆ?"

"ಶನಿವಾರ ಎಲ್ಲಿಗೆ ಹೋಗ್ತಿದ್ದ ಅಂತ ನಂಗೇನು ಗೊತ್ತು? ನೀನು ಇಷ್ಟು ಹೊತ್ತು ಪರದಾಡೋದು ನೋಡಿದ ಮೇಲೆ ಹೊಳೀತು." ಅವರು ಮತ್ತೆ ಮೊರ ಎತ್ತಿಕೊಂಡರು. "ಈ ಮನೇಲಿ ಎಡಚಿ ಇರೋದು ಒಬ್ಬಳೇ ಅಲ್ವೇನೇ."

ನಾನು ಸರಿಪಡಿಸಿದ ಆ ಒಂದು ಬಾಗಿಲನ್ನು ಮತ್ತೆ ತಿರುಗಿಸಲಾಗಲಿಲ್ಲ. ಇನ್ನೊಮ್ಮೆ ಬ್ಲೇಡು ತಾಗಿದ್ದರೆ ಮರ ಎರಡಾಗುತ್ತಿತ್ತು. ಇವತ್ತಿಗೂ ಅದೊಂದನ್ನು ಬಲಗೈಯಿಂದಲೇ ತೆರೆಯಬೇಕು.

ಅಂದು ಊಟಕ್ಕೆ ಕೂತಾಗ ಸೌಟು ನನ್ನ ಎಡಗೈಯಲ್ಲಿತ್ತು. ಅತ್ತೆ ಅದನ್ನು ನೋಡಿದರು. ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಮೇಜಿನ ಮೇಲೆ ಆ ಹಸಿರು ಬಾಗಿಲು ತೆರೆದೇ ಇತ್ತು.