ಬೆಕ್ಕಿಗೆ ಬಿಟ್ಟ ದಾರಿ

ಹೊಲಿಗೆ ಟೀಚರು ಬೆಕ್ಕು ಓಡಿಸುವ ಕಾಲ ಬಂತು ನೋಡಿ! ಶಾಲೆಯವರು ನನ್ನ ಹೊಲಿಗೆ ತರಗತಿಯನ್ನೇ ಎತ್ತಿಬಿಟ್ಟರು. "ಮಕ್ಕಳಿಗೆ ಕಂಪ್ಯೂಟರಲ್ಲಿ ಬ್ಲಾಕ್ ಕೋಡಿಂಗ್ ಹೇಳ್ಕೊಡೋದಾದ್ರೆ ಇರಿ. ಸೋಮವಾರ ಒಂದು ಆಟ ಮಾಡಿ ತೋರಿಸಿ," ಎಂದರು ಹೆಡ್ ಮೇಡಂ.

ಮನೆಯಲ್ಲಿ ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು. "ಬಿಟ್ಹಾಕು ಅತ್ಲಾಗೆ. ಅಮ್ಮನ್ನ ನೋಡ್ಕೊಳ್ಳೋಕೆ ಒಬ್ರು ಬೇಕೇ ಬೇಕಲ್ಲ." ಅತ್ತೆ ಹಾಸಿಗೆ ಹಿಡಿದಿದ್ದಾರೆ, ಹಗಲು ಬರುವ ಆಯಾ ನನ್ನ ಸಂಬಳದಲ್ಲೇ ಬರುವುದು. ಅತ್ತೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಬಸ್ಸಿನ ಕಿಟಕಿ ಪಕ್ಕ ಕೂರುವುದೊಂದು ಇಲ್ಲದೆ ಹೋದರೆ ನಾನು ಆ ಮನೆಯಲ್ಲಿ ಉಸಿರು ಕಟ್ಟಿ ಸಾಯುತ್ತೇನೆ. ಇದನ್ನು ಯಾರ ಮುಂದೆ ಹೇಳಲಿ?

ಮಗಳನ್ನು ಹಿಡಿದು ಕೂರಿಸಿದೆ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ತುಂಡುಗಳು, ಅವೇ ಬ್ಲಾಕುಗಳು; ಒಂದಕ್ಕೊಂದು ಸಿಕ್ಕಿಸಿದರೆ ಪರದೆಯ ಮೇಲಿನ ಬೆಕ್ಕು ಹೇಳಿದಂತೆ ಕೇಳುತ್ತದೆ. ಬಾಣದ ಕೀ ಒತ್ತಿದರೆ ನಡೆ, ಗೋಡೆ ತಾಗಿದರೆ ಹಿಂದೆ ಸರಿ. ಗೋಡೆಗಳ ನಡುವೆ ದಾರಿ ಹುಡುಕಿ ಮೀನು ಮುಟ್ಟಿದರೆ ಗೆದ್ದಂತೆ. ಅಯ್ಯೋ, ಇದೇನು ಬ್ರಹ್ಮವಿದ್ಯೆಯೇ? ತುಂಡು ಜೋಡಿಸುವುದು ನನಗೆ ಬಾರದ್ದೇ? ಗೋಡೆಗಳನ್ನೂ ನಾನೇ ಬಿಡಿಸಿದೆ.

ಭಾನುವಾರ ಸಂಜೆಯಾದರೂ ಬೆಕ್ಕು ಮೀನಿನ ಹತ್ತಿರ ಸುಳಿಯಲಿಲ್ಲ. ಯಾವ ಕಡೆ ಹೋದರೂ ಗೋಡೆ. ತುಂಡುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಒಳಗಿನಿಂದ ಅತ್ತೆ ಕರೆದರು. ಹೋಗಿ ಮಗ್ಗುಲು ಬದಲಿಸಿ ಬಂದೆ. ಬೆಕ್ಕು ಅಲ್ಲೇ ಇತ್ತು. "ಹಾಳಾಗಿ ಹೋಗು!" ಎಂದು ಬೈದೆ. ಅಳು ಬಂತು.

ಮಗಳು ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಬ್ಲಾಕೆಲ್ಲ ಸರಿಯಾಗೇ ಇದೆ. ನೀನು ದಾರೀನೇ ಬಿಟ್ಟಿಲ್ವಲ್ಲಾ!"

ಹೌದಲ್ಲ! ಇಷ್ಟು ವರ್ಷ ಹೊಲಿದ ಕೈ. ಅಂಚಿಗೆ ಅಂಚು ಸೇರಿಸದೆ ನಿಲ್ಲದು. ಎಲ್ಲೆಲ್ಲಿ ಸಂದು ಬಿಡಬೇಕಿತ್ತೋ ಅಲ್ಲೆಲ್ಲ ನೀಟಾಗಿ ಮುಚ್ಚಿಟ್ಟಿದ್ದೆ. ಅಲ್ಲಲ್ಲಿ ಗೆರೆ ಅಳಿಸಿದೆ. ಬೆಕ್ಕು ತೂರಿಕೊಂಡು ಹೋಗಿ ಮೀನು ಮುಟ್ಟಿತು. ಮಗಳನ್ನು ಎಳೆದುಕೊಂಡು ಮುದ್ದಿಟ್ಟೆ.

ಸೋಮವಾರ ಹೆಡ್ ಮೇಡಂ ತಾವೇ ಕೂತು ಆಡಿದರು. "ಭೇಷ್! ಕೆಲಸ ನಿಮ್ದೇ. ಇನ್ನೊಂದು ಒಳ್ಳೆ ಸುದ್ದಿ ಇದೆ. ಹೊಲಿಗೆ ರೂಮನ್ನ ಆಫೀಸಿಗೆ ಕೊಟ್ಬಿಟ್ವಿ, ಈ ಪಾಠ ಪೂರ್ತಿ ಆನ್‌ಲೈನು. ನೀವು ಇಲ್ಲಿಗೆ ಬರೋದೇ ಬೇಡ, ಮನೇಲೇ ಕೂತು ಮಾಡಿ."

ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿದು ಮನೆಗೆ ಬಂದೆ.

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!" ಎಂದು ಯಜಮಾನರು ತೊಡೆ ತಟ್ಟಿದರು. ಬಯಸಿದ ರೋಗಿ ಯಾರೋ! ಅಂದೇ ಆಯಾಳಿಗೆ ನಾಳೆಯಿಂದ ಬರಬೇಡ ಎಂದೂ ಹೇಳಿಬಿಟ್ಟರು.

ಈಗ ಅತ್ತೆಯ ಕೋಣೆಯ ಮೂಲೆಯೇ ನನ್ನ ತರಗತಿ. ಮೊದಲ ದಿನ ಪರದೆಯೊಳಗಿನ ಒಂದು ಪುಟ್ಟ ಹುಡುಗಿ ಕೇಳಿದಳು, "ಮಿಸ್, ಮೀನು ಸಿಕ್ಕಿದ್ಮೇಲೆ ಬೆಕ್ಕು ಎಲ್ಲಿಗೆ ಹೋಗುತ್ತೆ?"

"ಮೊದಲಿದ್ದ ಜಾಗಕ್ಕೇ ವಾಪಸ್ ಬರುತ್ತಮ್ಮ. ಅದಕ್ಕೂ ಒಂದು ಬ್ಲಾಕ್ ಇದೆ," ಎಂದೆ. ಹಿಂದಿನಿಂದ ಅತ್ತೆ ಕರೆದರು. ಮೈಕು ಆರಿಸಿ, ಅವರ ಮಗ್ಗುಲು ಬದಲಿಸಲು ಎದ್ದೆ.